ಮಹಡಿ ಅಕ್ಕ ಹಚ್ಚಿದ ಗಟ್ಟಿ ಮದ್ದು

ಗಡಿಯಾರ ರಿಪೇರಿಯವನ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ ಒಂದು ಮೆಟ್ಟಿಲು ಮೇಲಕ್ಕೆ ಹೋಗುತ್ತದೆ. ಎಷ್ಟು ಕಿರಿದು ಎಂದರೆ, ಮೇಲಿನಿಂದ ಯಾರಾದರೂ ಇಳಿದು ಬಂದರೆ ಹತ್ತುವವರು ಗೋಡೆಗೆ ಬೆನ್ನು ಅಂಟಿಸಿ ನಿಲ್ಲಬೇಕು. ಮೆಟ್ಟಿಲು ಮುಗಿದ ಕಡೆ ಗಾಜಿನ ಬಾಗಿಲು. ಒಳಗೆ ಎರಡು ಕನ್ನಡಿ, ಎರಡು ಕುರ್ಚಿ, ಕತ್ತು ಇಡುವುದಕ್ಕೆ ಅಂಚು ಕೊರೆದ ಒಂದು ಬೇಸಿನ್ನು, ತಲೆಯ ಮೇಲೆ ಇಳಿಸುವ ಬಿಸಿಗಾಳಿಯ ಟೊಪ್ಪಿಗೆ. ಹೆಂಗಸರ ಈ ಪಾರ್ಲರಿಗೆ ಹೆಸರೂ ಇದೆ, ಬೋರ್ಡೂ ಇದೆ. ಆದರೆ ಬೀದಿಯವರ ಬಾಯಲ್ಲಿ ಅದು ಮಹಡಿ ಅಕ್ಕನ ಅಂಗಡಿ.

ಮಹಡಿ ಅಕ್ಕನಿಗೆ ಐವತ್ತು ದಾಟಿದೆ. ಒಂಟಿ ಜೀವ. ಸದಾ ನೀರಿನಲ್ಲಿರುವ ಕೈ, ಬೆರಳ ತುದಿಗಳು ಒಣದ್ರಾಕ್ಷಿಯಂತೆ ಮುದುಡಿಕೊಂಡಿವೆ. ಹಾಳಾದ ಕೂದಲನ್ನು ಸರಿಮಾಡುವುದರಲ್ಲಿ ಆಕೆಯದು ಎತ್ತಿದ ಕೈ ಎಂದು ನಾಲ್ಕಾರು ಬೀದಿಗಳಾಚೆಯವರೂ ಹೇಳುತ್ತಾರೆ. ಸುಟ್ಟದ್ದು, ಬಣ್ಣ ತೆಗೆಸಿಕೊಂಡು ನಾರಾದದ್ದು, ಇಸ್ತ್ರಿ ಹಾಕಿದಂತೆ ನೆಟ್ಟಗೆ ಮಾಡಿಸಿಕೊಂಡು ಆಮೇಲೆ ಉದುರತೊಡಗಿದ್ದು, ಎಲ್ಲವೂ ಕೊನೆಗೆ ಈ ಮೆಟ್ಟಿಲು ಹತ್ತುತ್ತವೆ.

ಎರಡನೆಯ ಕುರ್ಚಿ ದಾರದಮ್ಮನದು. ಹಲ್ಲಲ್ಲಿ ದಾರ ಕಚ್ಚಿ ಹುಬ್ಬು ತಿದ್ದುವ ಈ ಹೆಂಗಸು ಮಹಡಿ ಅಕ್ಕನಿಗಿಂತ ಹಿರಿಯಳು. ದಾರ ಬಾಯಲ್ಲಿದ್ದಾಗಲೂ ಮಾತು ನಿಲ್ಲಿಸಿದವಳಲ್ಲ.

"ಅಲುಗಾಡಬೇಡಮ್ಮ ತಾಯಿ. ಒಂದು ಎಳೆ ಜಾಸ್ತಿ ಕಿತ್ರೆ ಆಮೇಲೆ ಜೀವನಪೂರ್ತಿ ಆಶ್ಚರ್ಯಪಟ್ಕೊಂಡೇ ಓಡಾಡ್ಬೇಕಾಗುತ್ತೆ."

ಮಹಡಿ ಅಕ್ಕನದು ಮಾತು ಕಡಿಮೆ. ಕೂದಲಿಗೆ ಎರಡು ಹಸಿವು ಎಂಬುದು ಆಕೆಯ ಲೆಕ್ಕಾಚಾರ. ಒಂದು ಬಲದ್ದು, ಇನ್ನೊಂದು ಪಸೆಯದ್ದು. ಬಲಕ್ಕೆ ಪ್ರೋಟೀನ್; ಅಂಗಡಿಯಲ್ಲಿ ಅದಕ್ಕೆ ಗಟ್ಟಿ ಮದ್ದು ಎನ್ನುತ್ತಾರೆ. ಪಸೆಗೆ ತೇವ ಹಿಡಿದಿಡುವ ಕೆನೆಯಂಥ ಮಾಸ್ಕು. ಅದು ಮೆತ್ತನೆ ಮದ್ದು. ಯಾವುದು ಬೇಕು ಎಂದು ತಿಳಿಯುವುದಕ್ಕೆ ಆಕೆ ಕೂದಲನ್ನು ಒದ್ದೆ ಮಾಡಿ, ಒಂದೇ ಎಳೆಯನ್ನು ಎರಡು ಕೈಯ ಬೆರಳುಗಳ ನಡುವೆ ಹಿಡಿದು, ಮೆಲ್ಲಗೆ ಎಳೆದು ನೋಡುತ್ತಾಳೆ. ಸ್ವಲ್ಪ ಹಿಗ್ಗಿ, ಬಿಟ್ಟೊಡನೆ ತನ್ನ ಉದ್ದಕ್ಕೆ ಮರಳಿದರೆ ಅದು ಆರೋಗ್ಯವಂತ ಕೂದಲು. ಹಿಗ್ಗುತ್ತಲೇ ಹೋಗಿ, ಅಗಿದುಬಿಟ್ಟ ಗಮ್ಮಿನ ಹಾಗೆ ಜೋತುಬಿದ್ದರೆ ಗಟ್ಟಿ ಮದ್ದು ಬೇಕು. ಹಿಗ್ಗುವುದಕ್ಕೇ ಒಪ್ಪದೆ ಟಕ್ಕನೆ ತುಂಡಾದರೆ ಮೆತ್ತನೆಯದು ಬೇಕು.

ತೊಡಕು ಇರುವುದು ಇಲ್ಲಿ. ಗಟ್ಟಿ ಮದ್ದು ಅತಿಯಾದರೂ ಕೂದಲು ಒಡೆಯುತ್ತದೆ. ಹೊಸದಾಗಿ ಕೆಲಸ ಕಲಿತವರು ಅದನ್ನು ನೋಡಿ, ಅಯ್ಯೋ ಇನ್ನೂ ಬಲ ಬಂದಿಲ್ಲ ಎಂದು ಮತ್ತಷ್ಟು ಗಟ್ಟಿ ಮದ್ದು ಹಚ್ಚುತ್ತಾರೆ. ಕೂದಲು ಹುಲ್ಲಾಗುತ್ತದೆ. ಅಂಥ ತಲೆಗಳನ್ನು ಮಹಡಿ ಅಕ್ಕ ಬೇಕಾದಷ್ಟು ನೋಡಿದ್ದಾಳೆ. ಬೇರೆಯವರ ಕೈಯಲ್ಲಿ ಆದದ್ದು. ತನ್ನ ಕೈಯಲ್ಲಿ ಅದು ಆಗುವುದು ಸಾಧ್ಯವಿಲ್ಲ ಎಂದೇ ಆಕೆ ನಂಬಿದ್ದಳು, ಆ ಹುಡುಗಿ ಬರುವ ತನಕ.

ಹುಡುಗಿ ಬಂದದ್ದು ಒಂದು ಮಧ್ಯಾಹ್ನ, ಅಂಗಡಿ ಖಾಲಿ ಇದ್ದಾಗ. ತಲೆಗೆ ಬಿಗಿಯಾಗಿ ಸ್ಕಾರ್ಫ್ ಕಟ್ಟಿದ್ದಳು. ಇಪ್ಪತ್ತಾರು, ಇಪ್ಪತ್ತೇಳರ ವಯಸ್ಸು. ಬಾಗಿಲ ಬಳಿಯೇ ನಿಂತು, "ಇಲ್ಲಿ ಹಾಳಾಗಿರೋ ಕೂದ್ಲು ಸರಿ ಮಾಡ್ತಾರೆ ಅಂದ್ರು," ಎಂದಳು. ಮುಖ ನೋಡಿ ಮಹಡಿ ಅಕ್ಕನಿಗೆ ಯಾರೆಂದು ಹೊಳೆಯಲಿಲ್ಲ. ಕುರ್ಚಿಯಲ್ಲಿ ಕೂರಿಸಿ, ಹಿಂದೆ ನಿಂತು ಸ್ಕಾರ್ಫ್ ಬಿಚ್ಚಿದಳು. ನೆತ್ತಿಯ ಎಡಕ್ಕೆ, ಇರಬೇಕಾದ ಜಾಗಕ್ಕಿಂತ ಒಂದಿಷ್ಟು ಕೆಳಗೆ, ಒಂದು ಸುಳಿ. ಅದರ ಮೇಲಿನ ಕೂದಲು ಎಷ್ಟು ಒತ್ತಿದರೂ ಕೂರುವುದಿಲ್ಲ. ಕಿವಿಯ ಹಿಂದೆ ಉಗುರಿನಷ್ಟು ಹಳೆಯ ಗಾಯದ ಗುರುತು. ಉಯ್ಯಾಲೆಯಿಂದ ಬಿದ್ದದ್ದು.

ಮಹಡಿ ಅಕ್ಕನ ಕೈ ಅಲ್ಲೇ ನಿಂತಿತು.

"ಗುರುತು ಸಿಕ್ತಾ?" ಹುಡುಗಿ ಕನ್ನಡಿಯಲ್ಲಿ ಕೇಳಿದಳು.

"ಸಿಕ್ತು."

ಅಷ್ಟೇ. ದಾರದಮ್ಮ ತನ್ನ ದಾರದ ಉಂಡೆಯನ್ನು ಕೆಳಗೆ ಬೀಳಿಸಿ, ಅದನ್ನು ಹುಡುಕುವ ನೆಪದಲ್ಲಿ ಬಹಳ ಹೊತ್ತು ಬಗ್ಗಿಯೇ ಇದ್ದಳು.

ಈ ಹುಡುಗಿಗೆ ಐದು ತುಂಬಿ ಆರು ನಡೆಯುವಾಗ ಮಹಡಿ ಅಕ್ಕ ಅವಳ ಅಪ್ಪನನ್ನು ಮದುವೆಯಾಗಿ ಆ ಮನೆಗೆ ಹೋಗಿದ್ದಳು. ಹೆತ್ತ ತಾಯಿ ತೀರಿಕೊಂಡು ಎರಡು ವರ್ಷವಾಗಿತ್ತು. ಮಗು ಮೊದಲ ತಿಂಗಳು ಹತ್ತಿರಕ್ಕೇ ಬರಲಿಲ್ಲ. ಆಮೇಲೆ ಒಂದು ದಿನ ಬಾಚಣಿಗೆ ಹಿಡಿದುಕೊಂಡು ಬಂದು, ಬೆನ್ನು ತಿರುಗಿಸಿ ಕೂತಿತು. ಅಲ್ಲಿಂದ ಪ್ರತಿ ಬೆಳಿಗ್ಗೆ ಸ್ಕೂಲಿಗೆ ಮುಂಚೆ ಜಡೆ ಹಾಕುವ ಹೊತ್ತು ಇಬ್ಬರ ಹೊತ್ತಾಯಿತು. ಟೀಚರ ಸುದ್ದಿ, ಜಗಳದ ಸುದ್ದಿ, ಭಯದ ಸುದ್ದಿ ಎಲ್ಲ ಆಗಲೇ ಬರುತ್ತಿದ್ದವು. ಜಡೆ ಮುಗಿದರೆ ಮಾತೂ ಮುಗಿಯಿತು. ಮಹಡಿ ಅಕ್ಕ ಅವಳನ್ನು ಜುಟ್ಟಿ ಎಂದು ಕರೆಯುತ್ತಿದ್ದಳು. ಅವಳು ಇವಳನ್ನು ಚಿಕ್ಕಮ್ಮ ಎನ್ನುತ್ತಿದ್ದಳು. "ಚಿಕ್ಕಮ್ಮಾ, ಬಾರೇ," ಎಂದು ಏಕವಚನದಲ್ಲೇ ಕೂಗುತ್ತಿದ್ದಳು.

ಏಳು ವರ್ಷವಾದ ಮೇಲೆ ಮದುವೆ ಮುರಿಯಿತು. ದೊಡ್ಡ ರಂಪವೇನೂ ಆಗಲಿಲ್ಲ. ಇಬ್ಬರು ದೊಡ್ಡವರು ಮಾತು ಬಿಟ್ಟರು, ಆಮೇಲೆ ಒಬ್ಬರಿರುವ ಕೋಣೆಗೆ ಇನ್ನೊಬ್ಬರು ಬರುವುದನ್ನು ಬಿಟ್ಟರು. ಅವನು ಬೇರೆ ಊರಿಗೆ ಕೆಲಸ ಬದಲಾಯಿಸಿಕೊಂಡು ಮಗಳನ್ನು ಕರೆದುಕೊಂಡು ಹೋದ. ಹೆರದವಳಿಗೆ ಯಾವ ಹಕ್ಕೂ ಇರಲಿಲ್ಲ. ಇದೆಯೇ ಎಂದು ಕೇಳುವ ಧೈರ್ಯವೂ ಇರಲಿಲ್ಲ. ಮಹಡಿ ಅಕ್ಕ ಫೋನ್ ಮಾಡಿ ನೋಡಿದಳು. ಎತ್ತಿದ್ದು ಅವನ ಅಕ್ಕ. "ಮಗು ಈಗೀಗ ಹೊಂದ್ಕೋತಾ ಇದೆ. ಮತ್ತೆ ಕೆದಕಬೇಡಮ್ಮ," ಎಂದಳು. ಇನ್ನೊಮ್ಮೆ ಮಾಡಿದಾಗಲೂ ಅದೇ ಮಾತು. ಮೂರನೆಯ ಸಲ ಮಾಡಲಿಲ್ಲ.

ಈಗ ಆ ಜುಟ್ಟಿ ಕುರ್ಚಿಯಲ್ಲಿ ಕೂತು, "ನೀವು ಏನು ಬೇಕಾದ್ರೂ ಮಾಡಿ, ಕತ್ತರಿಸೋದು ಮಾತ್ರ ಬೇಡ," ಎನ್ನುತ್ತಿದ್ದಳು. ಇದಕ್ಕೂ ಮುಂಚೆ ಹೋದ ಕಡೆಯಲ್ಲೆಲ್ಲ ಕತ್ತರಿಸಿ ಎಂದೇ ಹೇಳಿದ್ದರಂತೆ.

ಕತ್ತರಿಸುವುದೇ ಸುಲಭವಾಗಿತ್ತು. ಸೊಂಟದವರೆಗೆ ಇಳಿದ ಕೂದಲು, ಅರ್ಧದಿಂದ ಕೆಳಗೆ ಬಣ್ಣಗೆಟ್ಟ ಹಗ್ಗ. ಮೊದಲು ಬ್ಲೀಚ್ ಮಾಡಿಸಿ ಬೆಳ್ಳಿ ಬಣ್ಣ. ಅದು ಬೇಜಾರಾಗಿ ಡಬ್ಬಿಯ ಕಪ್ಪು. ಕಪ್ಪು ಮಸಿ ಬಳಿದಂತೆ ಕಂಡಿತೆಂದು ಮತ್ತೆ ಬ್ಲೀಚ್. ಸಾಲದ್ದಕ್ಕೆ ಸ್ಟ್ರೈಟ್ನಿಂಗ್.

"ಯಾಕೆ ಮಾಡಿಸಿದ್ದು?" ಮಹಡಿ ಅಕ್ಕ ಕೇಳಿದಳು. ನೀನು ಎನ್ನಬೇಕೋ ನೀವು ಎನ್ನಬೇಕೋ ತಿಳಿಯದೆ ಎರಡನ್ನೂ ತಪ್ಪಿಸಿ ಮಾತಾಡುತ್ತಿದ್ದಳು. ತಲೆ ಹಿಂದಕ್ಕೆ ಒರಗಿಸಬೇಕು, ಕಣ್ಣು ಮುಚ್ಚಿಕೊಂಡರೆ ಒಳ್ಳೆಯದು, ಹೀಗೆ.

"ಸುಮ್ನೆ. ಈ ಊರಿಗೆ ವಾಪಸ್ ಬಂದ್ಮೇಲೆ ಕನ್ನಡಕದ ಅಂಗಡೀಲಿ ಕೆಲಸ. ದಿನಾ ಬೆಳಿಗ್ಗೆಯಿಂದ ಬೇರೆಯವರ ಮುಖ ಬದಲಾಯಿಸ್ತಾನೇ ಇರ್ತೀನಿ. ನಂದೂ ಒಂದು ಸಲ ಬದಲಾಯಿಸೋಣ ಅನ್ನಿಸ್ತು."

"ಅಪ್ಪ?"

"ಏನೂ ಅನ್ಲಿಲ್ಲ. ಅಮ್ಮನ ಫೋಟೋ ನೋಡಿದ್ರು, ನನ್ನ ನೋಡಿದ್ರು, ಪೇಪರ್ ತಗೊಂಡು ಒಳಗೆ ಹೋದ್ರು."

ಆ ಫೋಟೋ ಮಹಡಿ ಅಕ್ಕನಿಗೂ ಗೊತ್ತು. ನಡುಮನೆಯ ಗೋಡೆಯಲ್ಲಿ ಇತ್ತು. ಮಂಡಿಯ ತನಕ ಇಳಿಬಿಟ್ಟ ಕೂದಲಿನ ಹೆಂಗಸು, ಪಕ್ಕಕ್ಕೆ ತಿರುಗಿ ನಗುತ್ತಾ. ಮಗಳಿಗೆ ಬಂದದ್ದು ಅದೇ ಕೂದಲು. ಏಳು ವರ್ಷ ತಾನು ಬಾಚಿದ್ದು ಇನ್ನೊಬ್ಬಳ ಕೂದಲನ್ನೇ ಎಂಬುದು ಮಹಡಿ ಅಕ್ಕನಿಗೆ ಆಗಲೂ ಗೊತ್ತಿತ್ತು. ಕಾವಲಿಗೆ ನಿಂತವರಿಗೆ ಒಡವೆ ತಮ್ಮದೆನ್ನಿಸಿಬಿಡುವುದೂ ಉಂಟು.

ಒದ್ದೆ ಎಳೆಯನ್ನು ಹಿಡಿದು ಎಳೆದಳು. ಗಮ್ಮಿನ ಹಾಗೆ ಹಿಗ್ಗಿತು, ಹಿಗ್ಗಿತು, ಹಿಂದಕ್ಕೆ ಬರಲೇ ಇಲ್ಲ. ಗಟ್ಟಿ ಮದ್ದು ಬೇಕಾಗಿತ್ತು. ಅಂದೇ ಹಚ್ಚಿದಳು. ನೀರಿನಂಥ ಮದ್ದನ್ನು ಎಳೆಎಳೆಗೂ ಸೇರಿಸಿ, ಬಿಸಿಗಾಳಿಯ ಟೊಪ್ಪಿಗೆಯ ಕೆಳಗೆ ಕೂರಿಸಿ, ಕೂದಲು ಸೆಟೆದು ತೊಗಟೆಯಂತೆ ಆಗುವ ತನಕ ಕಾಯ್ದು, ತೊಳೆದು, ಮೇಲೆ ಮೆತ್ತನೆಯದನ್ನು ಹಚ್ಚಿ, ಮತ್ತೆ ತೊಳೆದಳು. ಇಡೀ ಮಧ್ಯಾಹ್ನ ಹಿಡಿಯಿತು.

"ಇದನ್ನ ಪದೇಪದೇ ಮಾಡೋ ಹಾಗಿಲ್ಲ," ಎಂದಳು. "ಒಂದೂವರೆ ತಿಂಗಳಾದ್ರೂ ಬಿಡ್ಬೇಕು. ಅಲ್ಲೀವರೆಗೂ ವಾರಕ್ಕೊಂದ್ಸಲ ಬರೀ ಮೆತ್ತನೆ ಮದ್ದು."

ಮೆತ್ತನೆ ಮದ್ದನ್ನು ಮನೆಯಲ್ಲೇ ಹಚ್ಚಿಕೊಳ್ಳಬಹುದು. ಬೇರೆ ಯಾರಿಗಾದರೂ ಆಕೆ ಹಾಗೆಯೇ ಹೇಳಿ, ಒಂದು ಡಬ್ಬಿ ಕೊಟ್ಟು ಕಳಿಸುತ್ತಿದ್ದಳು. ಈ ಹುಡುಗಿಗೆ ಹೇಳಲಿಲ್ಲ.

ಹುಡುಗಿ ವಾರ ವಾರವೂ ತನ್ನ ರಜೆಯ ದಿನ ಬರತೊಡಗಿದಳು. ಆ ದಿನ ಮಹಡಿ ಅಕ್ಕ ಬೇರೆ ಯಾರಿಗೂ ಮಧ್ಯಾಹ್ನದ ಹೊತ್ತು ಕೊಡುತ್ತಿರಲಿಲ್ಲ. ಬೆಳಿಗ್ಗೆಯಿಂದ ಬೇಸಿನ್ನನ್ನು ಎರಡೆರಡು ಸಲ ಉಜ್ಜುವಳು. ಇದ್ದುದರಲ್ಲಿ ಮೆತ್ತಗಿನ ಟವೆಲನ್ನು ಬೇರೆ ತೆಗೆದಿಡುವಳು.

"ಅಳಿಯ ಬರ್ತಾನೇನೋ ಅನ್ನೋ ಹಾಗೆ ಆಡ್ತೀಯಲ್ಲೇ," ದಾರದಮ್ಮ ಕೆಣಕುವಳು.

"ನಿನ್ನ ಕೆಲಸ ನೀನು ನೋಡು."

"ನನ್ನ ಕೆಲಸ ಹುಬ್ಬು. ನಿನ್ನ ಹುಬ್ಬು ಇವತ್ತು ಬೆಳಿಗ್ಗೆಯಿಂದ ಮೇಲೇ ಇದೆ, ಇಳಿದೇ ಇಲ್ಲ."

ಆದರೆ ಮೆತ್ತನೆ ಮದ್ದಿನ ಕೆಲಸ ಅರ್ಧ ಗಂಟೆಯೊಳಗೆ ಮುಗಿದುಬಿಡುತ್ತದೆ. ಹಚ್ಚಿ, ಕಾದು, ತೊಳೆದರೆ ಆಯಿತು. ಹುಡುಗಿ ಆ ಹೊತ್ತಿನಲ್ಲಿ ಫೋನ್ ನೋಡುತ್ತಾ ಕೂರುವಳು. ಮಾತಿಗೆ ಬಾಯಿ ತೆರೆಯುವಷ್ಟರಲ್ಲಿ ಟವೆಲು ಸುತ್ತಿಯಾಗಿರುತ್ತಿತ್ತು. ಮೆಟ್ಟಿಲಿಳಿಯುವ ಸಪ್ಪಳ ನಿಂತ ಮೇಲೆ ಮಹಡಿ ಅಕ್ಕ ಕಿಟಕಿಗೆ ಹೋಗಿ ನಿಲ್ಲುವಳು. ಬೀದಿಯ ತುಂಬ ತಲೆಗಳು. ಒಂದರ ಮೇಲೆ ಮಾತ್ರ ಕಣ್ಣು. ಮೊದಲ ದಿನ ಗಟ್ಟಿ ಮದ್ದು ಹಚ್ಚಿದಾಗ ಇಡೀ ಮಧ್ಯಾಹ್ನ ಕೂತಿದ್ದಳಲ್ಲ, ಟೊಪ್ಪಿಗೆಯ ಕೆಳಗೆ ತೂಕಡಿಸಿ ಬಾಯಿ ಸ್ವಲ್ಪ ತೆರೆದು ಮಲಗಿದ್ದಳಲ್ಲ, ಅದೇ ನೆನಪು ಮತ್ತೆ ಮತ್ತೆ ಬರುತ್ತಿತ್ತು. ಮಲಗಿದಾಗ ಆ ಮುಖ ಚಿಕ್ಕ ಹುಡುಗಿಯದೇ ಆಗಿತ್ತು.

ಒಂದು ವಾರ ಹುಡುಗಿ ಬಂದವಳೇ ಹೇಳಿದಳು: "ಮುಂದೆ ಪ್ರತಿ ವಾರ ಬರೋಕೆ ಆಗುತ್ತೋ ಇಲ್ವೋ. ಮನೇಲೇ ಹಚ್ಕೊಳ್ಳೋಂಥದ್ದು ಏನಾದ್ರೂ ಇದ್ರೆ ಕೊಡ್ತೀರಾ?"

ಮಹಡಿ ಅಕ್ಕ ಕೂದಲು ಒದ್ದೆ ಮಾಡಿದಳು. ಎಳೆ ಹಿಡಿದು ಎಳೆದಳು. ಅದು ಸ್ವಲ್ಪ ಹಿಗ್ಗಿತು, ಬಿಟ್ಟೊಡನೆ ಮರಳಿತು. ಪೂರ್ತಿ ಗುಣವಾಗಿರಲಿಲ್ಲ, ಆದರೆ ಸರಿಯಾದ ದಾರಿಯಲ್ಲಿತ್ತು. ಈಗ ಅದಕ್ಕೆ ಬೇಕಾದದ್ದು ಪಸೆ, ಕಾಲ, ಮತ್ತು ಯಾರೂ ಕೈ ಹಾಕದೆ ಇರುವುದು. ಬೆರಳುಗಳು ಸ್ಪಷ್ಟವಾಗಿ ಹೇಳಿದ ಮೇಲೂ ಬಾಯಿ ಬೇರೆಯೇ ಹೇಳಿತು:

"ಇವತ್ತು ಗಟ್ಟಿ ಮದ್ದು ಹಾಕ್ಬೇಕು. ಹೊತ್ತು ಹಿಡಿಯುತ್ತೆ. ಕೆಲಸ ಏನಾದ್ರೂ ಇದ್ಯಾ?"

"ಇಲ್ಲ, ಪರವಾಗಿಲ್ಲ."

ಪಕ್ಕದ ಕನ್ನಡಿಯಲ್ಲಿ ದಾರದಮ್ಮ ಕಣ್ಣೆತ್ತಿ ನೋಡಿದಳು. ಅವಳೂ ಆ ಎಳೆ ಮರಳಿದ್ದನ್ನು ಕಂಡಿದ್ದಳು.  ಅವಳು ಮಾತಾಡದೆ ಇದ್ದ ಅಪರೂಪದ ಹೊತ್ತು ಅದು.

ಆ ಮಧ್ಯಾಹ್ನ ಚೆನ್ನಾಗಿತ್ತು. ಹುಡುಗಿ ಟೊಪ್ಪಿಗೆಯ ಕೆಳಗಿನಿಂದ ಕೂಗಿ ಕೂಗಿ ಮಾತಾಡಿದಳು. ಗಾಳಿಯ ಸದ್ದಿನಲ್ಲಿ ತನ್ನ ದನಿ ಎಷ್ಟು ದೊಡ್ಡದಾಗಿದೆ ಎಂದು ಅವಳಿಗೆ ಗೊತ್ತಾಗುತ್ತಿರಲಿಲ್ಲ. ಕನ್ನಡಕದ ಅಂಗಡಿಗೆ ಬರುವ ಗಿರಾಕಿಯೊಬ್ಬರು, ಹೊಸ ಕನ್ನಡಕ ಹಾಕಿಕೊಂಡು ಹೆಂಡತಿಯನ್ನು ನೋಡಿ, "ಇದು ಬೇಡ, ಹಳೇದೇ ಕೊಡಿ," ಎಂದದ್ದನ್ನು ಹೇಳಿ ತಾನೇ ನಕ್ಕಳು. ಮಹಡಿ ಅಕ್ಕ ತನ್ನ ತಿಂಡಿ ಡಬ್ಬಿಯಲ್ಲಿದ್ದ ಬ್ರೆಡ್ಡಿನ ಎರಡು ತುಂಡುಗಳಲ್ಲಿ ಒಂದನ್ನು ಕೊಟ್ಟಳು. ತೊಳೆದು ಒಣಗಿಸಿದಾಗ ಕೂದಲು ಮಿಂಚುತ್ತಿತ್ತು, ಕೈಗೆ ತುಂಬಿಕೊಂಡು ಸಿಗುತ್ತಿತ್ತು. ಗಟ್ಟಿ ಮದ್ದಿನ ಮೋಸವೇ ಅದು. ಮೊದಲೆರಡು ದಿನ ಎಲ್ಲ ಚೆಂದ.

"ಅಬ್ಬಾ! ನನ್ನ ಕೂದ್ಲೇನಾ ಇದು?" ಹುಡುಗಿ ಕತ್ತು ಅತ್ತಿತ್ತ ತಿರುಗಿಸಿದಳು. "ಮನೇಲಿ ಇದೆಲ್ಲ ಆಗಲ್ಲ ಬಿಡಿ. ಇಲ್ಲಿಗೇ ಬರ್ತೀನಿ."

ಅವಳು ಹೋದ ಮೇಲೆ ದಾರದಮ್ಮ ಬಾಯಿ ಬಿಟ್ಟಳು. "ಎಳೆ ಸರಿ ಇತ್ತಲ್ಲೇ."

"ಸ್ವಲ್ಪ ಸಡಿಲ ಇತ್ತು."

"ನನ್ನ ಕಣ್ಣಿಗೇನೂ ಪೊರೆ ಬಂದಿಲ್ಲ."

"ಕೂದಲಿನ ವಿಷಯ ನನಗೆ ಬಿಡು."

"ನಾನು ಕೂದಲಿನ ವಿಷಯ ಹೇಳ್ತಾ ಇದ್ದೀನಾ?" ಎಂದು ದಾರದಮ್ಮ ಕಸಪೊರಕೆ ಎತ್ತಿಕೊಂಡಳು.

ಎರಡು ವಾರ ಬಿಟ್ಟು ಹುಡುಗಿ ಬಂದಾಗ ಕೂದಲು ಒರಟಾಗಿತ್ತು. "ಮತ್ತೆ ಯಾಕೋ ಬಲ ಕಮ್ಮಿಯಾದಂಗಿದೆ, ತಲೆದಿಂಬಿನ ಮೇಲೆಲ್ಲಾ ತುಂಡು ತುಂಡು," ಎಂದಳು. ಮಹಡಿ ಅಕ್ಕ ಕೂದಲು ಒದ್ದೆ ಮಾಡಿದಳು. ಎಳೆ ಹಿಡಿದು ನೋಡಲಿಲ್ಲ. ನೋಡಿದರೆ ಗೊತ್ತಾಗಿಬಿಡುತ್ತದೆ ಎಂದೇ ನೋಡಲಿಲ್ಲ. ಬಲ ಕಡಿಮೆ ಎಂದು ಹುಡುಗಿಯೇ ಹೇಳಿದಳಲ್ಲ ಎಂದು ತನಗೆ ತಾನೇ ಹೇಳಿಕೊಂಡು, ಕೆಲಸ ಕಲಿಯಲು ಬಂದವರನ್ನು ಯಾವ ತಪ್ಪಿಗಾಗಿ ಗದರಿಸುತ್ತಿದ್ದಳೋ ಅದೇ ತಪ್ಪನ್ನು ಕಣ್ಣು ತೆರೆದುಕೊಂಡೇ ಮಾಡಿದಳು. ಮತ್ತೆ ಗಟ್ಟಿ ಮದ್ದು. ಮತ್ತೆ ಟೊಪ್ಪಿಗೆ. ಮತ್ತೆ ಇಡೀ ಮಧ್ಯಾಹ್ನ.

ತೊಳೆದು, ಮೆತ್ತನೆಯದನ್ನು ಹಚ್ಚಿ, ಅಗಲ ಹಲ್ಲಿನ ಬಾಚಣಿಗೆಯನ್ನು ತುದಿಯಿಂದ ಮೇಲಕ್ಕೆ ತರುತ್ತಿದ್ದಳು. ಬಲಗಿವಿಯ ಹತ್ತಿರ ಬಾಚಣಿಗೆ ಕೊಂಚ ತಡೆಯಿತು. ಎಳೆಯಲೂ ಇಲ್ಲ, ಸುಮ್ಮನೆ ದಾಟಿಸಿದಳು. ಟಕ್, ಟಕ್ ಎಂದು ಒಣ ಕಡ್ಡಿ ಮುರಿದ ಸದ್ದು. ಒಂದು ಹಿಡಿ ಕೂದಲು, ಮೊಳ ಉದ್ದದ್ದು, ಬಾಚಣಿಗೆಯ ಜೊತೆಗೇ ಬಂತು.

ಹುಡುಗಿ ಅದನ್ನು ಕನ್ನಡಿಯಲ್ಲಿ ನೋಡಿದಳು. ಕಿವಿಯ ಪಕ್ಕ ಕೈಯಿಟ್ಟು ನೋಡಿದಳು. ಅಲ್ಲಿ ಬೆರಳುದ್ದದ ಮೊಂಡು ಎಳೆಗಳು ಉಳಿದಿದ್ದವು.

"ಏನಾಯ್ತು?"

ಹೇಳುವುದಕ್ಕೆ ನೂರು ನೆಪಗಳಿದ್ದವು. ಬ್ಲೀಚು ಕೂದಲನ್ನು ತಿಂದಿತ್ತು, ಹಳೆಯ ಡಬ್ಬಿ ಬಣ್ಣದ ದೋಷ, ನೀರಿನ ದೋಷ. ಯಾವುದನ್ನು ಹೇಳಿದರೂ ಹುಡುಗಿ ನಂಬುತ್ತಿದ್ದಳು, ನಂಬಿ ಮುಂದಿನ ವಾರ ಮತ್ತೆ ಬರುತ್ತಿದ್ದಳು. ಮಹಡಿ ಅಕ್ಕ ಬಾಚಣಿಗೆಯನ್ನು ಕೆಳಗಿಟ್ಟಳು. ಕುರ್ಚಿಯ ಹಿಂದಿನಿಂದ ಸುತ್ತಿಕೊಂಡು ಬಂದು, ಕನ್ನಡಿಗೆ ಅಡ್ಡವಾಗಿ ನಿಂತಳು.

"ನಾನು ಮಾಡಿದ್ದು. ಈ ಮದ್ದು ಬೇಕಿರ್ಲಿಲ್ಲ. ಇವತ್ತೂ ಬೇಕಿರ್ಲಿಲ್ಲ, ಹೋದ ಸಲನೂ ಬೇಕಿರ್ಲಿಲ್ಲ. ಗೊತ್ತಿದ್ದೂ ಹಚ್ಚಿದೆ."

"ಯಾಕೆ?"

"ಅದು ಹಚ್ಚಿದ್ರೆ ಹೊತ್ತು ಹಿಡಿಯುತ್ತೆ. ನೀನು ಇನ್ನೂ ಸ್ವಲ್ಪ ಹೊತ್ತು ಕೂತಿರ್ತೀಯ ಅಂತ."

ನೀನು ಎಂಬುದು ತಾನಾಗಿ ಬಾಯಿಂದ ಬಂದಿತ್ತು. ಹುಡುಗಿ ಮಡಿಲಲ್ಲಿ ಬಿದ್ದಿದ್ದ ತುಂಡು ಕೂದಲನ್ನು ಒಂದೊಂದಾಗಿ ಎತ್ತಿ ಒಟ್ಟು ಮಾಡಿದಳು. ದಾರದಮ್ಮನ ಕುರ್ಚಿಯಲ್ಲಿದ್ದ ಗಿರಾಕಿ, ಒಂದು ಹುಬ್ಬು ತಿದ್ದಿ ಒಂದು ಹುಬ್ಬು ಹಾಗೇ ಇದ್ದವಳು, ಉಸಿರು ಹಿಡಿದುಕೊಂಡು ಕೂತಿದ್ದಳು.

"ಕೇಳ್ಬಹುದಿತ್ತಲ್ಲ," ಹುಡುಗಿ ಕೊನೆಗೆ ಹೇಳಿದಳು. ದನಿ ಏರಿರಲಿಲ್ಲ. "ಕೂತ್ಕೋ ಅಂತ ಬಾಯಿ ಬಿಟ್ಟು ಕೇಳ್ಬಹುದಿತ್ತು. ಆಗ್ಲೂ ಅಷ್ಟೇ. ನಾವು ಹೋಗೋ ದಿನ ನೀವು ಅಡುಗೆಮನೇಲಿ ನಿಂತಿದ್ರಿ. ಇರು ಅಂತ ಒಂದು ಮಾತು ಅನ್ಲಿಲ್ಲ. ನಾನು ಬಾಗಿಲ ಹತ್ರ ಬೇಕು ಅಂತ್ಲೇ ನಿಧಾನಕ್ಕೆ ಚಪ್ಪಲಿ ಹಾಕ್ಕೊಂಡೆ."

ಫೋನ್ ಮಾಡಿದ್ದೆ ಎಂಬ ಮಾತು ಮಹಡಿ ಅಕ್ಕನ ನಾಲಿಗೆಯ ತುದಿಗೆ ಬಂತು. ಆಡಿದ್ದರೆ ತಪ್ಪು ಇನ್ನೊಬ್ಬರ ಮೇಲೆ ಹೋಗುತ್ತಿತ್ತು. ಹಾಗೇ ನುಂಗಿಕೊಂಡಳು. ಅಡುಗೆಮನೆಯಲ್ಲಿ ನಿಂತದ್ದಂತೂ ನಿಜ.

ಹುಡುಗಿ ಒದ್ದೆ ತಲೆಗೇ ಸ್ಕಾರ್ಫ್ ಕಟ್ಟಿಕೊಂಡಳು. ಮಹಡಿ ಅಕ್ಕ ಕಪಾಟಿನಿಂದ ಮೆತ್ತನೆ ಮದ್ದಿನ ಒಂದು ಡಬ್ಬಿ ತೆಗೆದಳು. ಎಂದೋ ಕೊಡಬೇಕಾಗಿದ್ದ ಡಬ್ಬಿ.

"ವಾರಕ್ಕೆ ಎರಡು ಸಲ ಇದನ್ನೇ ಹಚ್ಕೋ. ಬಲ ಕೊಡುತ್ತೆ, ರಿಪೇರಿ ಮಾಡುತ್ತೆ ಅಂತ ಬರೆದಿರೋ ಶಾಂಪೂ ಮುಟ್ಬೇಡ. ಒದ್ದೆ ಇದ್ದಾಗ ಒಂದು ಎಳೆ ಎಳೆದು ನೋಡು, ಹೀಗೆ." ತನ್ನದೇ ನರೆತ ಕೂದಲಿನ ಒಂದೆಳೆ ಕಿತ್ತು, ನೀರಲ್ಲಿ ಅದ್ದಿ, ಎಳೆದು ತೋರಿಸಿದಳು. "ಹಿಗ್ಗಿ ವಾಪಸ್ ಬಂದ್ರೆ ಸರಿಹೋಯ್ತು ಅಂತ. ಆಮೇಲೆ ಯಾರ ಹತ್ರಾನೂ ಹೋಗ್ಬೇಕಾಗಿಲ್ಲ."

ಹುಡುಗಿ ಡಬ್ಬಿ ತೆಗೆದುಕೊಂಡಳು. ಮೆಟ್ಟಿಲಿಳಿದು ಹೋದಳು. ಆ ದಿನ ಮಹಡಿ ಅಕ್ಕ ಕಿಟಕಿಗೆ ಹೋಗಲಿಲ್ಲ.

ಮುಂದಿನ ವಾರ ಆ ಮಧ್ಯಾಹ್ನವನ್ನು ಖಾಲಿ ಇಟ್ಟಳು. ಅದರ ಮುಂದಿನ ವಾರವೂ. ಬೇರೆ ಗಿರಾಕಿಗಳು ಕೇಳಿದರೆ, "ಆ ಹೊತ್ತು ಆಗಲ್ಲ," ಎನ್ನುವಳು. ಖಾಲಿ ಕುರ್ಚಿಯ ಎದುರಿನ ಕನ್ನಡಿ ಒರೆಸುತ್ತಾ ನಿಲ್ಲುವಳು. ಮೆಟ್ಟಿಲಲ್ಲಿ ಹೆಜ್ಜೆ ಕೇಳಿದರೆ ಮೈಯೆಲ್ಲ ಕಿವಿ. ಹತ್ತಿ ಬರುವುದು ಯಾರೋ, ತುದಿ ಕತ್ತರಿಸಿಕೊಳ್ಳಲು.

"ಕನ್ನಡಕದ ಅಂಗಡಿ ಎಲ್ಲಿದೆ ಅಂತ ಗೊತ್ತಲ್ಲ," ದಾರದಮ್ಮ ಹೇಳಿದಳು. "ಹೋಗು. ಕಣ್ಣು ಮಂಜಾಗಿದೆ ಅನ್ನು."

"ಮತ್ತೆ ನೆಪಾನಾ?"

ದಾರದಮ್ಮ ದಾರ ಸುತ್ತತೊಡಗಿದಳು. "ಹೌದಲ್ಲ. ನಿನಗೆ ಉಪಾಯ ಹೇಳೋದಕ್ಕಿಂತ ಹುಬ್ಬು ತಿದ್ದೋದೇ ವಾಸಿ."

ತಿಂಗಳು ಕಳೆದು ಇನ್ನಷ್ಟು ದಿನವಾದ ಮೇಲೆ, ಒಂದು ಬೆಳಿಗ್ಗೆ ಮಹಡಿ ಅಕ್ಕನ ಫೋನಿಗೆ ಒಂದು ವಿಡಿಯೋ ಬಂತು. ಎರಡು ಕೈಗಳ ಬೆರಳುಗಳು, ನಡುವೆ ಒಂದು ಒದ್ದೆ ಎಳೆ. ಬೆರಳುಗಳು ದೂರ ಸರಿದವು, ಎಳೆ ಹಿಗ್ಗಿತು. ಬೆರಳುಗಳು ಹತ್ತಿರ ಬಂದವು, ಎಳೆ ತನ್ನ ಉದ್ದಕ್ಕೆ ಮರಳಿತು. ಕೆಳಗೆ ಬರೆದಿತ್ತು: ಇದು ಸರಿ ಇದೆಯಾ? ಇನ್ನೂ ತೋರಿಸೋಕೆ ಬರಬೇಕಾ?

ಮಹಡಿ ಅಕ್ಕ ಅದನ್ನು ಮತ್ತೆ ಮತ್ತೆ ಹಾಕಿ ನೋಡಿದಳು. ಬೆರಳುಗಳನ್ನು ನೋಡಿದಳು, ತಾನು ಹೇಳಿಕೊಟ್ಟ ಹಾಗೆಯೇ ಹುಡುಗಿ ಹಿಡಿದಿದ್ದಳು. ಬೆಳಕು ಸಾಲದು, ಕೈಯಲ್ಲಿ ಮುಟ್ಟಿ ನೋಡಬೇಕು, ಒಮ್ಮೆ ಬಾ. ಹೀಗೆ ಬರೆದರೆ ಅದು ಪೂರಾ ಸುಳ್ಳೂ ಆಗುತ್ತಿರಲಿಲ್ಲ. ಟೈಪ್ ಮಾಡಲು ಹೆಬ್ಬೆರಳು ಎತ್ತಿದವಳು ಹಾಗೇ ಕೂತಳು. ಬೇಸಿನ್ನಿನ ನಲ್ಲಿ ತೊಟ್ಟಿಕ್ಕುತ್ತಿತ್ತು. ಎದ್ದು ಹೋಗಿ ಬಿಗಿ ಮಾಡಿ ಬಂದಳು. ಆಮೇಲೆ ಬರೆದಳು: ಚೆನ್ನಾಗಿದೆ. ಬರಬೇಕಾಗಿಲ್ಲ. ಹೀಗೇ ನೋಡಿಕೊ.

ಸರಿ, ಎಂದು ಉತ್ತರ ಬಂತು. ಬೇರೇನೂ ಇಲ್ಲ.

ದಾರದಮ್ಮ ಬಗ್ಗಿ ಫೋನ್ ನೋಡಿದಳು. ಮಹಡಿ ಅಕ್ಕನ ಮುಖ ನೋಡಿದಳು. ಈ ಸಲ ತಮಾಷೆ ಮಾಡದೆ, ತಾನೇ ಹೋಗಿ ಟವೆಲುಗಳನ್ನು ಒಣಹಾಕಿ ಬಂದಳು. ಆ ಮಧ್ಯಾಹ್ನದ ಹೊತ್ತನ್ನು ಮಹಡಿ ಅಕ್ಕ ಅಂದಿನಿಂದ ಬೇರೆಯವರಿಗೆ ಕೊಡತೊಡಗಿದಳು. ಕೆಲಸ ನಡೆಯಿತು. ಕೈ ತಪ್ಪಲಿಲ್ಲ. ಪ್ರತಿಯೊಂದು ತಲೆಯಲ್ಲೂ ಸುಳಿ ಎಲ್ಲಿದೆ ಎಂದು ಮೊದಲು ನೋಡುವ ಒಂದು ಹೊಸ ಅಭ್ಯಾಸ ಮಾತ್ರ ಅಂಟಿಕೊಂಡಿತು.

ಹೀಗಿರುವಾಗ, ಅಂಗಡಿಗೆ ರಜೆಯಿದ್ದ ಒಂದು ದಿನ ಮಹಡಿ ಅಕ್ಕ ಮನೆಯಲ್ಲಿ ಬಟ್ಟೆ ಮಡಿಸುತ್ತಿದ್ದಳು. ಫೋನ್ ಬಂತು.

"ಬಾಗಿಲು ಹಾಕಿದೆ," ಹುಡುಗಿಯ ದನಿ.

"ಇವತ್ತು ರಜಾ."

"ಓ. ಗೊತ್ತಿರ್ಲಿಲ್ಲ. ಮೆಟ್ಟಿಲ ಮೇಲೆ ಕೂತಿದ್ದೀನಿ."

"ಕೂದಲು ಮತ್ತೆ ಏನಾದ್ರೂ..."

"ಕೂದಲು ಚೆನ್ನಾಗೇ ಇದೆ."

ಮಹಡಿ ಅಕ್ಕ ಮನೆಯ ಚಪ್ಪಲಿಯಲ್ಲೇ ಹೊರಟಳು. ಬಸ್ಸಿನಲ್ಲಿ ಕೂತ ಮೇಲೆ ನೆನಪಾಯಿತು, ಅಂಗಡಿಯ ಬೀಗದ ಕೈ ತಂದಿಲ್ಲ. ಹಿಂದಕ್ಕೆ ಹೋಗಿ ತರುವಷ್ಟರಲ್ಲಿ ಅವಳು ಎದ್ದು ಹೋದರೆ? ಹೋಗಲಿಲ್ಲ.

ಹುಡುಗಿ ಕೆಳಗಿನ ಮೆಟ್ಟಿಲಲ್ಲಿ ಕೂತಿದ್ದಳು, ತಲೆಗೆ ಏನೂ ಕಟ್ಟದೆ. ಕಿವಿಯ ಪಕ್ಕದ ಮೊಂಡು ಎಳೆಗಳು ಅಷ್ಟಿಷ್ಟು ಬೆಳೆದು ಎತ್ತೆತ್ತಲೋ ನಿಂತಿದ್ದವು. ಉಳಿದದ್ದನ್ನು ಒಂದೇ ಜಡೆಯಾಗಿ ಹೆಣೆದಿದ್ದಳು. ಹೆಣಿಗೆ ಒಂದು ಕಡೆ ಸಡಿಲ, ಒಂದು ಕಡೆ ಬಿಗಿ; ಸ್ವಂತ ಕೈಯದು. ಮಹಡಿ ಅಕ್ಕನ ಕೈ ಬಿಚ್ಚಿ ಹಾಕಲು ತುಡಿಯಿತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಕೀ ತಂದಿಲ್ಲ ನಾನು."

"ಬೇಡ ಬಿಡಿ, ಒಳಗೆ ಹೋಗಿ ಏನು ಮಾಡೋದು. ಟೀ ಕುಡಿಯೋಣ."

ಬಸ್ ನಿಲ್ದಾಣದ ಎದುರಿನ ಟೀ ಅಂಗಡಿಯಲ್ಲಿ ಎದುರುಬದುರು ಕೂತರು. ಮಾತು ಮೊದಲಿಗೆ ತಡವರಿಸಿತು. ಟೀ ಬಿಸಿಯಾಗಿದೆ. ಹೌದು. ಸಕ್ಕರೆ ಜಾಸ್ತಿ. ಹೌದು. ಆಮೇಲೆ ಹುಡುಗಿ ಮಹಡಿ ಅಕ್ಕನ ಮುಖವನ್ನು ತನ್ನ ಕೆಲಸದ ಕಣ್ಣಿನಿಂದ ಅಳೆದು ನೋಡಿ, "ನೀವು ಕಣ್ಣು ಕಿರಿದು ಮಾಡ್ತೀರಿ. ಹತ್ರದ್ದು ಕಾಣಲ್ಲ ಅಲ್ವಾ?" ಎಂದಳು.

"ಬೆರಳಿಗೆ ಕಾಣುತ್ತೆ, ಸಾಕು."

"ಎಲ್ಲಾನೂ ಬೆರಳಲ್ಲೇ ನೋಡೋಕಾಗಲ್ಲ." ಹುಡುಗಿ ನಕ್ಕಳು. ನಗುವಾಗ ಪಕ್ಕಕ್ಕೆ ತಿರುಗಿದಳು, ಗೋಡೆಯ ಫೋಟೋದಲ್ಲಿದ್ದವಳ ಹಾಗೆಯೇ. ಮಹಡಿ ಅಕ್ಕನಿಗೆ ಅದರಿಂದ ನೋವಾಗಲಿಲ್ಲ ಎಂದರೆ ಸುಳ್ಳಾದೀತು. ಆದರೂ ಕಣ್ಣು ತೆಗೆಯಲಿಲ್ಲ.

ಕೆಲಸದ ಮಾತಾಯಿತು. ಅಪ್ಪನ ಮಂಡಿ ನೋವಿನ ಮಾತಾಯಿತು. ಹುಡುಗಿ ಗೋಡೆಯ ಗಡಿಯಾರ ನೋಡಿ ಲೋಟ ಬದಿಗಿಟ್ಟಳು. ಬ್ಯಾಗು ಹೆಗಲಿಗೇರಿತು. ಎದ್ದು ನಿಂತಳು.

ಮಹಡಿ ಅಕ್ಕ ತನ್ನ ಲೋಟವನ್ನೂ ಬದಿಗಿಟ್ಟಳು. ಹೊರಗೆ ಮೋಡ ಇದೆ ಎನ್ನಬಹುದಿತ್ತು. ಬಸ್ಸಿನಲ್ಲಿ ರಶ್ಶು ಎನ್ನಬಹುದಿತ್ತು. ಆ ಜಡೆ ಬಿಚ್ಚಿಹೋಗುತ್ತಿದೆ, ಕೂತರೆ ಸರಿ ಮಾಡುತ್ತೇನೆ ಎನ್ನಬಹುದಿತ್ತು. ಅದಂತೂ ನಿಜವೇ ಆಗಿತ್ತು.

"ಇನ್ನೂ ಸ್ವಲ್ಪ ಹೊತ್ತು ಇರ್ತೀಯಾ?" ಎಂದಳು. "ಏನೂ ಕೆಲಸ ಇಲ್ಲ. ಸುಮ್ನೆ."

ಹುಡುಗಿ ನಿಂತಲ್ಲಿಂದಲೇ ಅವಳನ್ನು ನೋಡಿದಳು.

"ಇವತ್ತು ಆಗಲ್ಲ. ಸಂಜೆ ಶಿಫ್ಟ್ ಇದೆ." ಎರಡು ಹೆಜ್ಜೆ ಹೋಗಿ ತಿರುಗಿದಳು. "ಮುಂದಿನ ವಾರ ಮತ್ತೆ ಕೇಳಿ."

ಬಸ್ಸು ಬಂದು ಅವಳನ್ನು ಹತ್ತಿಸಿಕೊಂಡು ಹೋಯಿತು. ಟೀ ಅಂಗಡಿ ತುಂಬತೊಡಗಿತ್ತು. ಯಾರೋ ಒಬ್ಬರು ಬಂದು ಎದುರಿನ ಕುರ್ಚಿಯ ಬೆನ್ನಿಗೆ ಕೈಯಿಟ್ಟು, "ಇಲ್ಲಿ ಯಾರಾದ್ರೂ ಇದ್ದಾರಾ?" ಎಂದು ಕೇಳಿದರು.

"ಇದ್ದಾರೆ," ಎಂದಳು ಮಹಡಿ ಅಕ್ಕ. ಇನ್ನೊಂದು ಟೀ ಹೇಳಿದಳು.